ಉಪ್ಪಾಗೆಯ ಸಾರದ ಮಾತ್ರೆ ಮತ್ತು ಮೆಟಬಾಲಿಕ್ ಸಿಂಡ್ರೋಮ್: ನುಂಗಬಹುದೇ, ಬಿಡಬೇಕೇ?

ಪ್ರಶ್ನೆ: ಬೆಟ್ಟದಂಚಿನ ಮನೆ (ಶಿರಸಿ ಸೀಮೆ)

ಎಲ್ಲರಿಗೂ ನಮಸ್ಕಾರ. ನನಗೆ ಈಗ 46 ವರ್ಷ. ಮನೆಗೆ ಅಡಿಕೆ ತೋಟವಿದೆಯಾದರೂ, ತೋಟಕ್ಕೆ ಇಳಿಯುವುದಕ್ಕಿಂತ ಸೊಸೈಟಿಯ ಲೆಕ್ಕದ ಪುಸ್ತಕಗಳ ಮುಂದೆ ಕುಳಿತಿರುವುದೇ ಹೆಚ್ಚಾಗಿ ಹತ್ತು ವರ್ಷಗಳಾದವು. ಕಳೆದ ತಿಂಗಳು ಎದೆಯುರಿ ಎಂದು ವೈದ್ಯರ ಬಳಿ ಹೋದಾಗ ಅವರು ನಾಡಿ ನೋಡುವ ಮೊದಲೇ ಟೇಪು ತೆಗೆದು ಹೊಟ್ಟೆಯ ಸುತ್ತಳತೆ ನೋಡಿದರು, 98 ಸೆಂ.ಮೀ. ಬಂತು. ರಕ್ತಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 112, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 232, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 36 ಇತ್ತು. ರಕ್ತದೊತ್ತಡ 138/88. ಸ್ಕ್ಯಾನಿಂಗ್ ಮಾಡಿಸಿದಾಗ ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದರು. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಎಂಬ ಅಂಶ 58ಕ್ಕೆ ಏರಿದೆ. ಇದನ್ನೆಲ್ಲ ಒಟ್ಟು ಸೇರಿಸಿ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ, ಮೂರು ತಿಂಗಳು ಅನ್ನ ಕಡಿಮೆ ಮಾಡಿ ದಿನಾ ನಡೆಯಿರಿ, ಆಮೇಲೆ ಔಷಧದ ಮಾತು ಆಡೋಣ ಎಂದು ಕಳುಹಿಸಿದರು.

ಇಷ್ಟರಲ್ಲಿ ಅಕ್ಕನ ಗಂಡ, ನಮ್ಮ ಭಾವ, ಮಗನ ಮನೆಗೆಂದು ಅಮೆರಿಕಕ್ಕೆ ಹೋದವರು ಮರಳಿ ಬಂದರು. ನನ್ನ ಸುದ್ದಿ ಕೇಳಿ ಅಲ್ಲಿಂದ ತಂದಿದ್ದ ಒಂದು ಡಬ್ಬಿಯನ್ನು ಕೊಟ್ಟು, ಹೊಟ್ಟೆ ಕರಗಲು ಇದಕ್ಕಿಂತ ಒಳ್ಳೆಯದು ಇಲ್ಲ, ಗಿಡಮೂಲಿಕೆ, ಅಡ್ಡ ಪರಿಣಾಮವಿಲ್ಲ ಎಂದರು. ಡಬ್ಬಿಯ ಮೇಲೆ ಗಾರ್ಸೀನಿಯಾ ಕ್ಯಾಂಬೋಜಿಯಾ ಸಾರ, 60 ಪ್ರತಿಶತ ಎಚ್‌ಸಿಎ ಎಂದು ಬರೆದಿದೆ. ಪಕ್ಕದಲ್ಲಿ ಹಳದಿ ಬಣ್ಣದ, ಪುಟ್ಟ ಸಿಹಿಗುಂಬಳದಂತೆ ಗೀರುಗಳಿರುವ ಹಣ್ಣಿನ ಚಿತ್ರ. ಆಯಿ ಕನ್ನಡಕ ಏರಿಸಿಕೊಂಡು ಆ ಚಿತ್ರವನ್ನು ನೋಡಿ, "ಇದು ನಮ್ಮ ಬೆಟ್ಟದ ಉಪ್ಪಾಗೆ ಅಲ್ಲವೋ?" ಎಂದು ಕೇಳಿದಳು. ನಿಜವಾಗಿಯೂ ಅದೇ. ಮನೆಯ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ಇದರ ನಾಲ್ಕು ಮರಗಳಿವೆ. ಈ ಮಳೆಯಲ್ಲಿ ಹಣ್ಣು ಉದುರುತ್ತಿದೆ.

ನಾನು ಈಗಾಗಲೇ ಹತ್ತು ದಿನ, ದಿನಕ್ಕೆ ಎರಡರಂತೆ ನುಂಗಿದ್ದೇನೆ. ನನ್ನ ಪ್ರಶ್ನೆ ಇಷ್ಟು. ಈ ಸಾರದಿಂದ ನನ್ನ ತೊಂದರೆಗೆ ನಿಜವಾಗಿ ಪ್ರಯೋಜನವಿದೆಯೇ? ನಾವು ತಲೆತಲಾಂತರದಿಂದ ಸಾರಿಗೆ ಹಾಕಿಕೊಂಡು ತಿಂದ ಹುಳಿಯೇ ಆಗಿರುವುದರಿಂದ ಹೆದರಬೇಕಾಗಿಲ್ಲ ಎಂದು ತಿಳಿಯಬಹುದೇ? ಪ್ರಯೋಜನವಿದೆ ಎಂದಾದರೆ ಮನೆಯ ಸಿಪ್ಪೆಯನ್ನೇ ಕುದಿಸಿ ಕುಡಿದರೆ ಸಾಲದೇ?

ಉತ್ತರ: ಔಷಧಶಾಸ್ತ್ರದ ಮೇಷ್ಟ್ರು (ಮೈಸೂರು)

ನಮಸ್ಕಾರ. ಮೊದಲಿಗೆ ಒಂದು ಮಾತು: ಆ ಮಾತ್ರೆಯನ್ನು ಇಂದೇ ನಿಲ್ಲಿಸಿ, ನಿಲ್ಲಿಸಿದ ವಿಷಯವನ್ನೂ ನುಂಗಿದ ವಿಷಯವನ್ನೂ ನಿಮ್ಮ ವೈದ್ಯರಿಗೆ ತಿಳಿಸಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮುಂಚೆ ಈ ಹಣ್ಣಿನ ಕಥೆ ತಿಳಿಯುವುದು ಒಳ್ಳೆಯದು, ಏಕೆಂದರೆ ಅದು ಶುರುವಾದದ್ದು ನಮ್ಮ ಊರಿನಲ್ಲೇ.

ಉಪ್ಪಾಗೆಯ ಹುಳಿಯನ್ನು ಬಹುಕಾಲ ಹುಣಸೆ ಅಥವಾ ನಿಂಬೆಯಲ್ಲಿರುವಂಥ ಸಾಮಾನ್ಯ ಆಮ್ಲವೆಂದೇ ತಿಳಿಯಲಾಗಿತ್ತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿದ್ದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು 1965ರಲ್ಲಿ ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ನಿಮ್ಮ ಡಬ್ಬಿಯ ಮೇಲಿನ ಎಚ್‌ಸಿಎ ಇದೇ. ನಿಂಬೆಯ ಸಿಟ್ರಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಾಗಿ ಸೇರಿದರೆ ಆಗುವ ವಸ್ತು ಇದು. ನಾಲ್ಕು ವರ್ಷಗಳ ಬಳಿಕ, 1969ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರಜ್ಞರು ಈ ಆಮ್ಲವು ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ಬಲವಾಗಿ ತಡೆಯುತ್ತದೆ ಎಂದು ಕಂಡುಕೊಂಡರು. ನಾವು ಅಗತ್ಯಕ್ಕಿಂತ ಹೆಚ್ಚು ಅನ್ನ, ಸಕ್ಕರೆ ತಿಂದಾಗ ಯಕೃತ್ತಿನ ಜೀವಕೋಶದೊಳಗೆ ಸಿಟ್ರೇಟ್ ರಾಶಿಬೀಳುತ್ತದೆ. ಈ ಕಿಣ್ವವು ಅದನ್ನು ಒಡೆದು, ಕೊಬ್ಬಿಗೂ ಕೊಲೆಸ್ಟರಾಲಿಗೂ ಬೇಕಾದ ಕಚ್ಚಾವಸ್ತುವನ್ನು ಒದಗಿಸುತ್ತದೆ. ಎಚ್‌ಸಿಎ ಸಿಟ್ರೇಟಿನ ವೇಷ ಹಾಕಿಕೊಂಡು ಹೋಗಿ ಆ ಕಿಣ್ವದಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಬ್ಬಿನ ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದಂತೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇಲಿಗಳಲ್ಲಿ ಪರಿಣಾಮವೂ ಕಂಡಿತು. ವ್ಯಾಪಾರಿಗಳಿಗೆ ಅಷ್ಟು ಸಾಕಾಯಿತು.

ಮನುಷ್ಯರ ಮೇಲೆ ಗಟ್ಟಿಯಾದ ಪರೀಕ್ಷೆ ನಡೆದದ್ದು 1998ರಲ್ಲಿ, ನ್ಯೂಯಾರ್ಕಿನಲ್ಲಿ. ಅಧಿಕ ತೂಕದ 135 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿ.ಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಮಾತ್ರೆ ಕೊಟ್ಟು, ಇಬ್ಬರಿಗೂ ಒಂದೇ ಬಗೆಯ ಕಡಿಮೆ ಕ್ಯಾಲೊರಿಯ ಊಟ ಹೇಳಿದರು. ಹನ್ನೆರಡು ವಾರಗಳ ಕೊನೆಗೆ ಸಾರ ನುಂಗಿದವರು ಸರಾಸರಿ 3.2 ಕೆ.ಜಿ. ಇಳಿದಿದ್ದರು, ಹುಸಿಮಾತ್ರೆ ನುಂಗಿದವರು 4.1 ಕೆ.ಜಿ. ಇಳಿದಿದ್ದರು. ಅಂದರೆ ಇಳಿಸಿದ್ದು ಊಟದ ಕಟ್ಟುಪಾಡು. ನಂತರ ಬಂದ ಸಣ್ಣಪುಟ್ಟ ಪರೀಕ್ಷೆಗಳನ್ನೆಲ್ಲ 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ವ್ಯತ್ಯಾಸ ಒಂದು ಕೆ.ಜಿ.ಗೂ ಕಡಿಮೆ. ಗುಣಮಟ್ಟದ ಪರೀಕ್ಷೆಗಳನ್ನಷ್ಟೇ ಇಟ್ಟುಕೊಂಡರೆ ಅದೂ ಉಳಿಯಲಿಲ್ಲ.

ಇಲಿಯಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲಿ ಏಕೆ ಸೋತಿತು? ಒಂದು ಕಾರಣ, ನಮ್ಮ ದೇಹದ ಬಹುಪಾಲು ಕೊಬ್ಬು ಹೊಸದಾಗಿ ತಯಾರಾದದ್ದಲ್ಲ. ತಿಂದ ಕೊಬ್ಬೇ ಹೋಗಿ ಕೂರುತ್ತದೆ. ಇಲ್ಲಿ ನೀವು ನನ್ನನ್ನು ಹಿಡಿಯಬಹುದು. ಯಕೃತ್ತಿನಲ್ಲಿ ಕೊಬ್ಬು ಸೇರಿದ ಸ್ಥೂಲಕಾಯರಲ್ಲಿ ಹೊಸ ಕೊಬ್ಬಿನ ತಯಾರಿಕೆ ಹೆಚ್ಚಾಗಿರುತ್ತದೆ ಎಂಬುದು ನಿಜ. 2005ರಲ್ಲಿ ಅಮೆರಿಕದಲ್ಲಿ ಅಂಥ ಒಂಬತ್ತು ಜನರ ಯಕೃತ್ತಿನ ಕೊಬ್ಬಿನ ಮೂಲವನ್ನು ಅಳೆದಾಗ ಶೇ. 26ರಷ್ಟು ಹೀಗೆ ಹೊಸದಾಗಿ ತಯಾರಾದದ್ದು ಎಂದು ಗೊತ್ತಾಯಿತು. ಹಾಗಾದರೆ ನಿಮ್ಮಂಥವರಿಗೆ ಆ ಕಿಣ್ವವನ್ನು ತಡೆಯುವುದು ಲಾಭದಾಯಕವಾಗಬೇಕಲ್ಲವೇ? ತರ್ಕ ಸರಿ, ಸಾಧನ ತಪ್ಪು. ಎಚ್‌ಸಿಎ ನೀರಿನಲ್ಲಿ ಸುಲಭವಾಗಿ ಕರಗುವ, ಜೀವಕೋಶದ ಪೊರೆಯನ್ನು ದಾಟಲು ಒದ್ದಾಡುವ ವಸ್ತು. ಅದೇ ಕಿಣ್ವವನ್ನು ತಡೆಯುವ ಬೆಂಪೆಡೋಯಿಕ್ ಆಮ್ಲ ಎಂಬ ಇನ್ನೊಂದು ಔಷಧವನ್ನು ಪ್ರಯೋಗಾಲಯದಲ್ಲಿ ರೂಪಿಸಿದರು. ಅದು ಯಕೃತ್ತಿನೊಳಗೆ ಹೋದ ಮೇಲಷ್ಟೇ ಚುರುಕಾಗುತ್ತದೆ. 2020ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. 2023ರಲ್ಲಿ 13,970 ಜನರ ಮೇಲಿನ ಪರೀಕ್ಷೆಯ ಫಲಿತಾಂಶ ಹೊರಬಿದ್ದಾಗ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಶೇ. 21ರಷ್ಟು, ಹೃದಯಾಘಾತ ಮೊದಲಾದ ಗಂಭೀರ ಘಟನೆಗಳು ಶೇ. 13ರಷ್ಟು ಇಳಿದಿದ್ದವು. ಆದರೂ ಅದು ಕೊಲೆಸ್ಟರಾಲಿನ ಔಷಧ, ಹೊಟ್ಟೆ ಕರಗಿಸುವ ಔಷಧವಲ್ಲ. ಉಪ್ಪಾಗೆ ತೋರಿಸಿದ ಬಾಗಿಲು ಸರಿಯಾದದ್ದೇ ಆಗಿತ್ತು, ಆದರೆ ಕೀಲಿಕೈ ಬೇರೆ ಮಾಡಿಸಬೇಕಾಯಿತು ಎಂದು ನಾನು ತರಗತಿಯಲ್ಲಿ ಹೇಳುವುದುಂಟು.

ಈಗ ನಿಲ್ಲಿಸಿ ಎಂದದ್ದಕ್ಕೆ ಕಾರಣ. ಔಷಧ ಮತ್ತು ಪೂರಕಗಳಿಂದ ಆಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲವೊಂದು 2022ರಲ್ಲಿ ಗಾರ್ಸೀನಿಯಾಕ್ಕೆ ಸಂಬಂಧಿಸಿದ 22 ಪ್ರಕರಣಗಳನ್ನು ವರದಿ ಮಾಡಿತು. ಅವುಗಳಲ್ಲಿ ಹೆಚ್ಚಿನವರು ಗ್ರೀನ್ ಟೀ ಸಾರವನ್ನೂ ಜೊತೆಗೆ ಸೇವಿಸಿದ್ದರು. ಹೀಗೆ ಹಾನಿಗೊಳಗಾದವರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಆನುವಂಶಿಕ ಗುರುತು ಸಾಮಾನ್ಯ ಜನರಿಗಿಂತ ಹೆಚ್ಚಾಗಿ ಕಂಡುಬಂತು. ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಈ ಪೂರಕವನ್ನು ಯಾರೂ ಸೇವಿಸಬಾರದು ಎಂದೇ ಸಲಹೆ ನೀಡಿದೆ. ನುಂಗಿದವರಲ್ಲಿ ಬಹಳ ಜನರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ನಿಮ್ಮ ಎಎಲ್‌ಟಿ ಆಗಲೇ 58 ಇದೆ. ನಾಳೆ ಅದು 200 ಆದರೆ, ಕೊಬ್ಬಿನಿಂದಾದದ್ದೋ ಮಾತ್ರೆಯಿಂದಾದದ್ದೋ ಎಂದು ನಿಮ್ಮ ವೈದ್ಯರು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಸಾರಿಗೆ ಹಾಕಿದ ಎರಡು ಸಿಪ್ಪೆಯ ವಿಷಯ ಬೇರೆ. ಒಣ ಸಿಪ್ಪೆಯ ತೂಕದಲ್ಲಿ ಎಚ್‌ಸಿಎ ಶೇ. 10ರಿಂದ 30ರವರೆಗೆ ಇರುತ್ತದೆ. ಅದು ಇಡೀ ಪಾತ್ರೆಗೆ ಕರಗಿ, ನಿಮ್ಮ ಬಟ್ಟಲಿಗೆ ಬರುವುದು ಅಲ್ಪ. ದಿನವೂ 1,500 ಮಿ.ಗ್ರಾಂ ಬಟ್ಟಿಯಿಳಿಸಿದಂತೆ ಒಳಗೆ ಹೋಗುವುದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಉತ್ತರ: ಕಷಾಯದಂಗಡಿ (ಉಡುಪಿ, ಆಯುರ್ವೇದ ವೈದ್ಯ)

ಮೇಷ್ಟ್ರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಇಂಥ ಡಬ್ಬಿಗಳ ಮೇಲೆ ಆಯುರ್ವೇದದ ಹೆಸರನ್ನು ಬರೆಯುವವರ ಬಗ್ಗೆ ನನಗೆ ಸಾಕಷ್ಟು ತಕರಾರಿದೆ, ಅದನ್ನು ಇಲ್ಲಿ ದಾಖಲಿಸುತ್ತೇನೆ.

ನಮ್ಮ ಶಾಸ್ತ್ರದಲ್ಲಿ ಗಿಡದಿಂದ ಔಷಧ ತೆಗೆಯುವ ಮೂಲ ವಿಧಾನಗಳು ಐದು: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಹಸಿ ರಸ ಹಿಂಡುವುದು, ಅರೆದು ಉಂಡೆ ಮಾಡುವುದು, ಕುದಿಸಿ ಬತ್ತಿಸುವುದು, ತಣ್ಣೀರಿನಲ್ಲಿ ರಾತ್ರಿ ನೆನೆಹಾಕುವುದು, ಬಿಸಿನೀರು ಸುರಿದು ಸೋಸುವುದು. ಎಲ್ಲಕ್ಕೂ ಮಾಧ್ಯಮ ನೀರು. ಹಳೆಯ ಗ್ರಂಥಕಾರ ಶಾರ್ಙ್ಗಧರನ ಪ್ರಕಾರ ಕಷಾಯಕ್ಕೆ ಒಂದು ಪಾಲು ದ್ರವ್ಯಕ್ಕೆ ಹದಿನಾರು ಪಾಲು ನೀರು ಹಾಕಿ ಎಂಟನೇ ಒಂದು ಪಾಲಿಗೆ ಇಳಿಸಬೇಕು. ಅದನ್ನು ಅಂದೇ ಕುಡಿಯಬೇಕು. ಈಗಿನ ಕಾರ್ಖಾನೆಯ ಸಾರದಲ್ಲಿ ಹಲವು ಸಲ ಮದ್ಯಸಾರ ಅಥವಾ ಬೇರೆ ದ್ರಾವಕ ಬಳಸಿ, ಬೇಕಾದ ಒಂದು ಅಂಶವನ್ನು ಮಾತ್ರ ಎಳೆದು, ಉಳಿದದ್ದನ್ನು ಚೆಲ್ಲಿ, ನೀರಿನಲ್ಲಿ ಎಂದೂ ಬರಲಾರದ ಸಾಂದ್ರತೆಗೆ ತಂದಿರುತ್ತಾರೆ. ಅದು ಒಳ್ಳೆಯದೂ ಇರಬಹುದು, ಕೆಟ್ಟದೂ ಇರಬಹುದು. ಹೇಗಿದ್ದರೂ ಅದೊಂದು ಹೊಸ ವಸ್ತು. ಸಾವಿರಾರು ವರ್ಷಗಳ ಅನುಭವ ಎಂಬ ರಕ್ಷಾಪತ್ರ ಅದಕ್ಕೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಘನಸತ್ವ ಎಂಬುದಿದೆ, ಆದರೆ ಅದು ಕಷಾಯವನ್ನೇ ಮತ್ತಷ್ಟು ಬತ್ತಿಸಿದ್ದು.

ಇನ್ನು ಉಪ್ಪಾಗೆಯ ವಿಷಯದಲ್ಲಿ ತಮಾಷೆಯೆಂದರೆ, ಆಯುರ್ವೇದ ಹುಳಿಯನ್ನು ಕೊಬ್ಬಿಳಿಸುವ ರಸವೆಂದು ಒಪ್ಪುವುದೇ ಇಲ್ಲ. ಸಿಹಿ, ಹುಳಿ, ಉಪ್ಪು ಈ ಮೂರೂ ಕಫವನ್ನು ಹೆಚ್ಚಿಸುವ ರಸಗಳು. ಮೇದೋರೋಗಕ್ಕೆ, ಅಂದರೆ ಬೊಜ್ಜಿನ ಕಾಯಿಲೆಗೆ, ನಾವು ಕೊಡುವುದು ಖಾರ, ಕಹಿ, ಒಗರು. ಹೀಗಾಗಿ ಈ ಮಾತ್ರೆ ನಮ್ಮ ಬೆಟ್ಟದ ಕಾಯಿಯಿಂದ ಮಾಡಿದ್ದಾದರೂ ನಮ್ಮ ಶಾಸ್ತ್ರದಿಂದ ಬಂದದ್ದಲ್ಲ.

ಶಾಸ್ತ್ರದಿಂದಲೇ ಬಂದದ್ದಕ್ಕೆ ಏನಾಯಿತು ಎಂದು ಕೇಳುವವರಿಗೆ ಗುಗ್ಗುಲ ಎಂಬ ಗಿಡದ ಅಂಟಿನ ಉದಾಹರಣೆ ಕೊಡಬೇಕು. ಸುಶ್ರುತಸಂಹಿತೆಯಲ್ಲಿ ಮೇದೋರೋಗದ ವರ್ಣನೆಯನ್ನು ಓದಿ, ಇದು ಇಂದಿನವರು ಹೇಳುವ ರಕ್ತನಾಳದ ಕೊಬ್ಬಿನ ಕಾಯಿಲೆಯೇ ಇರಬಹುದೆಂದು ಊಹಿಸಿ, ಮೊಲಗಳ ಮೇಲೆ ಪ್ರಯೋಗ ನಡೆಸಿ 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಸಲ್ಲಿಸಿದವರು ಜಿ. ವಿ. ಸತ್ಯವತಿ, ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಲಿಪಿಡ್ ಎಂಬ ಸಾರವನ್ನು ಸಿದ್ಧಪಡಿಸಿತು. 1987ರಲ್ಲಿ ಅದು ಮಾರುಕಟ್ಟೆಗೆ ಬರಲು ಅನುಮತಿ ಸಿಕ್ಕಿತು. ಇಲ್ಲಿನ ಪರೀಕ್ಷೆಗಳಲ್ಲಿ ಕೊಲೆಸ್ಟರಾಲ್ ಇಳಿದಿತ್ತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ಪರೀಕ್ಷಿಸಿದಾಗ ಎಲ್‌ಡಿಎಲ್ ಇಳಿಯುವ ಬದಲು ಶೇ. 4ರಿಂದ 5ರಷ್ಟು ಏರಿತು, ಕೆಲವರಿಗೆ ಮೈಮೇಲೆ ಗಂಧೆ ಎದ್ದವು. ಅಲ್ಲಿನ ಊಟ ಬೇರೆ, ಅಲ್ಲಿ ಬಳಸಿದ್ದು ತ್ರಿಫಲಾ ಕಷಾಯದಲ್ಲಿ ಶೋಧಿಸಿದ ಗುಗ್ಗುಲವಲ್ಲ ಎಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಶೋಧಿಸಿದ ಗುಗ್ಗುಲದಿಂದ ಅಷ್ಟೇ ಕಟ್ಟುನಿಟ್ಟಾದ ಪರೀಕ್ಷೆ ನಡೆಸಿ ತೋರಿಸುವ ಹೊಣೆ ನಮ್ಮದೇ ಎಂಬುದನ್ನು ಅವರು ಮರೆಯುತ್ತಾರೆ. ಅಷ್ಟರಲ್ಲಿ ಗಾಯ ಮಾಡಿ ಅಂಟು ಇಳಿಸಿಕೊಂಡು ರಾಜಸ್ಥಾನ, ಕಛ್‌ನ ಆ ಗಿಡ ವಿನಾಶದ ಅಂಚಿಗೆ ಬಂದಿದೆ.

ನನ್ನಲ್ಲಿಗೆ ನಿಮ್ಮಂಥ ರಕ್ತವರದಿ ಹಿಡಿದು ಬರುವವರಿಗೆ ನಾನು ಮೊದಲು ಬರೆಯುವುದು ರಾತ್ರಿಯೂಟದ ಹೊತ್ತು. ಎಂಟೂವರೆಯ ಮೇಲೆ ಅನ್ನ ಬೇಡ.

ಉತ್ತರ: ದೂರದ ಔಷಧದಂಗಡಿ (ನ್ಯೂಜೆರ್ಸಿ)

ಡಬ್ಬಿ ಬಂದ ದೇಶದಿಂದ ಎರಡು ಮಾತು. ನಾನು ಇಲ್ಲಿ ಫಾರ್ಮಸಿಸ್ಟ್. ಅಮೆರಿಕದಿಂದ ಬಂದದ್ದು ಎಂದರೆ ಸರ್ಕಾರ ಪರೀಕ್ಷಿಸಿ ಮುದ್ರೆ ಒತ್ತಿದ್ದು ಎಂದು ನಮ್ಮವರು ನಂಬುತ್ತಾರೆ. 1994ರಲ್ಲಿ ಬಂದ ಪೂರಕ ಆಹಾರಗಳ ಕಾಯ್ದೆಯ ಪ್ರಕಾರ ಇಂಥ ಮಾತ್ರೆಗಳನ್ನು ಮಾರುವ ಮೊದಲು ಅವು ಕೆಲಸ ಮಾಡುತ್ತವೆ ಎಂದು ಇಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸಾಬೀತುಪಡಿಸಬೇಕಾಗಿಲ್ಲ. ತೊಂದರೆಯಾದ ಮೇಲೆ ತೊಂದರೆ ಇದೆ ಎಂದು ತೋರಿಸುವ ಹೊರೆ ಎಫ್‌ಡಿಎ ಮೇಲೆ ಬೀಳುತ್ತದೆ. ಡಬ್ಬಿಯ ಹಿಂಬದಿಯಲ್ಲಿ, ಯಾವುದೇ ರೋಗವನ್ನು ಗುಣಪಡಿಸಲು ಉದ್ದೇಶಿಸಿದ್ದಲ್ಲ ಎಂಬ ಸಣ್ಣಕ್ಷರದ ಸಾಲೊಂದು ಖಂಡಿತ ಇರುತ್ತದೆ, ತಿರುಗಿಸಿ ನೋಡಿ. ಹಾಗೆಯೇ ಜೊತೆಗಿರುವ ಪದಾರ್ಥಗಳ ಪಟ್ಟಿಯನ್ನೂ ಓದಿ. ನಾನು ಕಂಡ ಇಂಥ ಹಲವು ಡಬ್ಬಿಗಳಲ್ಲಿ ಗ್ರೀನ್ ಟೀ ಸಾರ, ಕ್ರೋಮಿಯಂ, ಕೆಫೀನ್ ಜೊತೆಯಲ್ಲಿರುತ್ತವೆ. ಭಾರತದಲ್ಲಿ ಮಧುಮೇಹ, ಬೊಜ್ಜು ಮತ್ತು ರಕ್ತದೊತ್ತಡವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ನಿಷೇಧಿಸುತ್ತದೆ ಎಂಬುದನ್ನೂ ನೆನಪಿಸುತ್ತೇನೆ. ಬೆಳಗಿನ ಪತ್ರಿಕೆ ಓದಿದರೆ ಹಾಗೊಂದು ಕಾಯ್ದೆ ಇದೆಯೆಂದು ಅನ್ನಿಸುವುದಿಲ್ಲ, ಅದು ಬೇರೆ ಮಾತು.

ಉತ್ತರ: ಸಿಪ್ಪೆ ಒಣಗಿಸುವವ (ಸಿದ್ದಾಪುರ)

ವೈದ್ಯಕೀಯದ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ಮರದ ಬಗ್ಗೆ ಇದೆ. ಮನೆಯ ಸಿಪ್ಪೆಯನ್ನು ಕುದಿಸಿ ಕುಡಿದರೆ ಸಾಲದೇ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಆ ಸಿಪ್ಪೆ ಹೇಗೆ ಒಣಗುತ್ತದೆ ಎಂಬುದನ್ನು ಪೇಟೆಯ ಓದುಗರಿಗೆ ಹೇಳಬೇಕು. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಬಿಸಿಲಿಲ್ಲ. ಹೀಗಾಗಿ ಬೀಜ ಬಿಡಿಸಿ, ಸಿಪ್ಪೆಯನ್ನು ಅಟ್ಟದ ಮೇಲೆ ಹರವಿ, ಕೆಳಗೆ ಹಗಲು ರಾತ್ರಿ ಬೆಂಕಿ ಹಾಕಿ ಕಪ್ಪಗಾಗುವವರೆಗೆ ಒಣಗಿಸಬೇಕು. ಸಿಪ್ಪೆಗಿಂತ ಹೆಚ್ಚು ತೂಕದ ಕಟ್ಟಿಗೆ ಉರಿಯುತ್ತದೆ. ಕೈಗೆ ಹತ್ತಿದ ಹೊಗೆಯ ವಾಸನೆ ಗಣೇಶ ಚೌತಿಯವರೆಗೂ ಹೋಗುವುದಿಲ್ಲ. ಬೀಜದಿಂದ ನಮ್ಮ ಹಿರಿಯರು ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು. ದೋಸೆಗೆ ಅದರ ರುಚಿಯೇ ಬೇರೆ. ಕೊಡಗಿನಲ್ಲಿ ಇದರ ರಸವನ್ನು ಕಾಯಿಸಿ ಕಾಚಂಪುಳಿ ಮಾಡುತ್ತಾರೆ, ಕೇರಳದಲ್ಲಿ ಕುಡಂಪುಳಿಯೆಂದು ಮೀನಿನ ಸಾರಿಗೆ ಹಾಕುತ್ತಾರೆ. ಇಲ್ಲೆಲ್ಲ ಇದು ಅಡುಗೆಮನೆಯ ವಸ್ತು.

ಹೊರದೇಶದಲ್ಲಿ ತೂಕದ ಮಾತ್ರೆಯ ಹುಚ್ಚು ಎದ್ದಾಗ ಇಲ್ಲಿ ದರ ಏರಿತು. ಏರಿದ ವರ್ಷಗಳಲ್ಲಿ ಹಣ್ಣು ಬೀಳುವವರೆಗೆ ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ನಾನು ಕೊಯ್ಯದಿದ್ದರೆ ಪಕ್ಕದವನು ಕೊಯ್ಯುತ್ತಾನೆ ಎಂದು ಹಸಿರುಕಾಯಿಯನ್ನೇ ಬಡಿದರು, ಮರ ಹತ್ತಲು ಬೇಸರವಾದವರು ಕೊಂಬೆಯನ್ನೇ ಕಡಿದರು. ಅಘನಾಶಿನಿ ಕೊಳ್ಳದ ಸಿಂಗಳೀಕಗಳಿಗೂ ಈ ಹಣ್ಣು ಆಹಾರ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಮೇಲಿನ ಉತ್ತರದಲ್ಲಿ ಆ ನ್ಯೂಯಾರ್ಕಿನ ಪರೀಕ್ಷೆಯ ವರ್ಷ 1998 ಎಂದು ಓದಿದಾಗ ನನಗೆ ಸಂಕಟವಾಯಿತು. ಕೆಲಸ ಮಾಡುವುದಿಲ್ಲವೆಂದು ಅಂದೇ ಗೊತ್ತಾಗಿದ್ದ ಮಾತ್ರೆಗಾಗಿ ನಾವು ಆಮೇಲೂ ಎಷ್ಟೋ ವರ್ಷ ಕೊಂಬೆ ಕಡಿದೆವು.

ಇನ್ನೊಂದು ವಿಷಯ. ಖರೀದಿಯ ವೇಳೆ ಒಟ್ಟು ಹುಳಿಯನ್ನು ಮಾತ್ರ ಅಳೆದರೆ ಅದು ನಿಂಬೆಹುಳಿಯೋ ಉಪ್ಪಾಗೆಹುಳಿಯೋ ಎಂದು ಗೊತ್ತಾಗುವುದಿಲ್ಲ. ಮುರುಗಲು (ಕೋಕಂ) ಸಿಪ್ಪೆ ಬೆರೆಸಿದರೂ ಒಣಗಿ ಪುಡಿಯಾದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಡಬ್ಬಿಯ ಮೇಲೆ 60 ಎಂದು ಬರೆದದ್ದನ್ನು ಯಾರು, ಎಲ್ಲಿ ಅಳೆದರು ಎಂದು ನಿಮ್ಮ ಭಾವನವರನ್ನು ಕೇಳಿ ನೋಡಿ.

ಮರುಪ್ರಶ್ನೆ: ಬೆಟ್ಟದಂಚಿನ ಮನೆ

ಎಲ್ಲರಿಗೂ ಕೃತಜ್ಞತೆಗಳು. ಮಾತ್ರೆ ನಿಲ್ಲಿಸಿದ್ದೇನೆ. ಡಬ್ಬಿಯನ್ನು ತಿರುಗಿಸಿ ಓದಿದಾಗ ಗ್ರೀನ್ ಟೀ ಸಾರ ಇದ್ದದ್ದೂ ಕಂಡಿತು. ಭಾವನಿಗೆ ಹೇಳಿದಾಗ ಅವರು ಸ್ವಲ್ಪ ಮುನಿಸಿಕೊಂಡು, "ಹಾಗಾದರೆ ಮಧುನಾಶಿನಿ, ಮೆಂತ್ಯ, ನೇರಳೆ ಬೀಜ, ಅರಿಶಿನ, ಮರದರಿಶಿನ ಎಲ್ಲವೂ ಸುಳ್ಳೇ? ಇಂಗ್ಲಿಷ್ ಔಷಧವೊಂದೇ ಸತ್ಯವೇ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮೇಷ್ಟ್ರು ದಯವಿಟ್ಟು ತಿಳಿಸಬೇಕು.

ಉತ್ತರ: ಔಷಧಶಾಸ್ತ್ರದ ಮೇಷ್ಟ್ರು (ಮೈಸೂರು)

ನಿಮ್ಮ ಭಾವನವರ ಸಿಟ್ಟು ನನಗೆ ಅರ್ಥವಾಗುತ್ತದೆ. ಇಂಗ್ಲಿಷ್ ಔಷಧ ಎಂದು ಅವರು ಕರೆಯುವ ಮೆಟ್‌ಫಾರ್ಮಿನ್‌ನ ವಂಶವೃಕ್ಷ ಹುಡುಕಿದರೆ ಯುರೋಪಿನ ಗಲೀಗ ಅಫಿಸಿನಾಲಿಸ್ ಎಂಬ ಕಳೆಗಿಡ ಸಿಗುತ್ತದೆ. ಅದರೊಳಗಿನ ಗಲೀಜಿನ್ ಸಕ್ಕರೆಯನ್ನು ಇಳಿಸುತ್ತಿತ್ತು, ಆದರೆ ಮೇದ ಕುರಿಗಳನ್ನು ಕೊಲ್ಲುವಷ್ಟು ವಿಷಕಾರಿಯಾಗಿತ್ತು. ಅದರ ಸಂಬಂಧಿಯಾದ ಮೆಟ್‌ಫಾರ್ಮಿನ್‌ನನ್ನು ಡಬ್ಲಿನ್‌ನಲ್ಲಿ 1922ರಲ್ಲಿಯೇ ತಯಾರಿಸಿದ್ದರೂ, ಪ್ಯಾರಿಸ್‌ನ ಜೀನ್ ಸ್ಟರ್ನ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟು ವರದಿ ಮಾಡಿದ್ದು 1957ರಲ್ಲಿ. ಇಂದು ಗ್ಲಿಫ್ಲೋಜಿನ್‌ಗಳೆಂದು ಕರೆಯುವ ಮಧುಮೇಹದ ಮಾತ್ರೆಗಳ ಮೂಲ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ದೊರೆತ ಫ್ಲೋರಿಜಿನ್. ನಮ್ಮ ಸರ್ಪಗಂಧವನ್ನು ರಕ್ತದೊತ್ತಡಕ್ಕೆ ಬಳಸಿ, ರೋಗಿಗಳ ಅಂಕಿಅಂಶ ಸಹಿತ ಜಗತ್ತಿಗೆ ತಿಳಿಸಿದವರು ಮುಂಬೈಯ ರುಸ್ತುಂ ಜಾಲ್ ವಕೀಲ್, 1949ರಲ್ಲಿ. ಹೀಗಾಗಿ ಗಿಡವೋ ಮಾತ್ರೆಯೋ ಎಂಬ ಜಗಳ ನನಗೆ ಬೇಡ. ಯಾವ ಅಂಶ, ಎಷ್ಟು ಪ್ರಮಾಣ, ಯಾರ ಮೇಲೆ, ಯಾವುದಕ್ಕೆ ಹೋಲಿಸಿ ನೋಡಿದರು ಎಂದಷ್ಟೇ ನಾನು ಕೇಳುವುದು.

ಈಗ ಅವರ ಪಟ್ಟಿ. ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ನಾಲಿಗೆಯ ಸಿಹಿ ಗ್ರಾಹಕಗಳನ್ನು ಅದರ ಜಿಮ್ನೆಮಿಕ್ ಆಮ್ಲಗಳು ಸ್ವಲ್ಪ ಹೊತ್ತು ಮುಚ್ಚುತ್ತವೆ. ಇದನ್ನು ನಾನೇ ಹಲವು ಸಲ ವಿದ್ಯಾರ್ಥಿಗಳೊಂದಿಗೆ ಮಾಡಿ ನೋಡಿದ್ದೇನೆ. ಆದರೆ ನಾಲಿಗೆಯಲ್ಲಿ ಆದದ್ದು ರಕ್ತದಲ್ಲಿ ಆಗಬೇಕೆಂದಿಲ್ಲ. 1990ರಲ್ಲಿ ಮದ್ರಾಸಿನಲ್ಲಿ 22 ರೋಗಿಗಳಿಗೆ ದಿನಕ್ಕೆ 400 ಮಿ.ಗ್ರಾಂ ಸಾರವನ್ನು ಹದಿನೆಂಟು ತಿಂಗಳಿಗೂ ಮೀರಿ ಕೊಟ್ಟಾಗ ಸಕ್ಕರೆ ಇಳಿಯಿತು, ಐವರು ತಮ್ಮ ಹಳೆಯ ಔಷಧವನ್ನು ಬಿಟ್ಟರು. ಆಸೆ ಹುಟ್ಟಿಸುವ ಫಲಿತಾಂಶ; ಆದರೆ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ, ಹುಸಿಮಾತ್ರೆಯ ಹೋಲಿಕೆಯೂ ಇರಲಿಲ್ಲ.

ಮರದರಿಶಿನದ ಬರ್ಬರೀನ್ ಇವೆಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸಬೇಕಾದ ವಸ್ತು. 2008ರಲ್ಲಿ ಪ್ರಕಟವಾದ ಶಾಂಘಾಯಿಯ ಅಧ್ಯಯನದಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದ 36 ಜನರಲ್ಲಿ ಬರ್ಬರೀನ್ 500 ಮಿ.ಗ್ರಾಂ ದಿನಕ್ಕೆ ಮೂರು ಸಲ ತೆಗೆದುಕೊಂಡವರ ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಮೂರು ತಿಂಗಳಲ್ಲಿ 9.5ರಿಂದ 7.5ಕ್ಕೆ ಇಳಿಯಿತು, ಮೆಟ್‌ಫಾರ್ಮಿನ್‌ಗೆ ಸರಿಸಮನಾಗಿ. ಟ್ರೈಗ್ಲಿಸರೈಡ್ ಕೂಡ ಇಳಿಯಿತು. ಪರೀಕ್ಷೆ ಚಿಕ್ಕದು, ಹೊಟ್ಟೆ ಕೆಡುವುದು ಸಾಮಾನ್ಯ. ನಿಜವಾದ ತೊಡಕೆಂದರೆ, ಯಕೃತ್ತು ಬೇರೆ ಔಷಧಗಳನ್ನು ಕರಗಿಸಲು ಬಳಸುವ ಕಿಣ್ವಗಳನ್ನೇ ಇದು ತಡೆಯುವುದರಿಂದ, ಜೊತೆಗೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮುಂತಾದವನ್ನು ಸೇವಿಸುವವರಲ್ಲಿ ಆ ಔಷಧದ ಪ್ರಮಾಣ ರಕ್ತದಲ್ಲಿ ಏರಬಹುದು. ಬಸುರಿಯರು ಇದನ್ನು ಮುಟ್ಟಲೇಬಾರದು. ಒಂದು ಒಳ್ಳೆಯ ಪರೀಕ್ಷೆ ಆಗುವ ಮೊದಲೇ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿ ಮುಗಿದುಹೋಗುತ್ತದೆಯೇನೋ ಎಂಬ ಭಯವೂ ನನಗಿದೆ, ಅದು ಬೆಳೆಯುವುದು ಬಲು ನಿಧಾನ.

ಅರಿಶಿನದ ಕಥೆಯಲ್ಲಿ ಬೆಂಗಳೂರಿಗೆ ಪಾಲಿದೆ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ಆ ಸೇರುವಿಕೆ ಶೇ. 2,000ರಷ್ಟು ಹೆಚ್ಚಿತು. ಆಮೇಲೆ ಜಗತ್ತಿನಾದ್ಯಂತ ಅರಿಶಿನದ ಮಾತ್ರೆಗೆ ಮೆಣಸು ಸೇರಿತು. ಥಾಯ್ಲೆಂಡಿನಲ್ಲಿ 2012ರಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 240 ಜನರಿಗೆ ಒಂಬತ್ತು ತಿಂಗಳು ಕರ್ಕ್ಯುಮಿನ್ ಅಥವಾ ಹುಸಿಮಾತ್ರೆ ಕೊಟ್ಟಾಗ, ಹುಸಿಮಾತ್ರೆಯವರಲ್ಲಿ ಶೇ. 16.4 ಜನ ಮಧುಮೇಹಿಗಳಾದರು, ಕರ್ಕ್ಯುಮಿನ್‌ನವರಲ್ಲಿ ಒಬ್ಬರೂ ಆಗಲಿಲ್ಲ. ಒಬ್ಬರೂ ಇಲ್ಲ ಎಂಬ ಫಲಿತಾಂಶ ಕಂಡಾಗ ನನಗೆ ಸಂತೋಷಕ್ಕಿಂತ ಅನುಮಾನವೇ ಮೊದಲು ಬರುತ್ತದೆ. ಬೇರೆ ದೇಶದಲ್ಲಿ, ದೊಡ್ಡ ಗುಂಪಿನಲ್ಲಿ ಮತ್ತೆ ಕಂಡರೆ ನಂಬುತ್ತೇನೆ. ಇತ್ತ ನಾನು ಹೇಳಿದ ಅದೇ ಅಮೆರಿಕದ ಜಾಲ ಅರಿಶಿನದ ಪೂರಕದಿಂದ ಯಕೃತ್ತು ಕೆಟ್ಟ ಹತ್ತು ಜನರ ವರದಿ ನೀಡಿದೆ, ಅವರಲ್ಲಿ ಏಳು ಜನರಿಗೆ ಉಪ್ಪಾಗೆಯ ಪ್ರಕರಣಗಳಲ್ಲಿ ಕಂಡ ಅದೇ ಆನುವಂಶಿಕ ಗುರುತಿತ್ತು. ಪಲ್ಯದ ಅರಿಶಿನಕ್ಕೆ ಈ ಮಾತು ತಾಗುವುದಿಲ್ಲ.

ನೇರಳೆ ಮತ್ತು ಹಾಗಲಕಾಯಿಯ ಬಗ್ಗೆ ಚುಟುಕಾಗಿ ಹೇಳಬಹುದು. ನೇರಳೆ ಎಲೆಯ ಚಹಾವನ್ನು ಬ್ರೆಜಿಲ್‌ನವರು ಶಿಸ್ತಾಗಿ ಪರೀಕ್ಷಿಸಿ ಸಕ್ಕರೆ ಇಳಿಯಲಿಲ್ಲ ಎಂದರು. ಹಾಗಲದ ಮೇಲಿನ ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದವರಿಗೆ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಗೊಜ್ಜು ಚೆನ್ನಾಗಿರುತ್ತದೆ, ತಿನ್ನಿ.

ಮೆಂತ್ಯವನ್ನು ಕೊನೆಗೆ ಇಟ್ಟುಕೊಂಡದ್ದು ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವಿರುವುದರಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಇನ್ಸುಲಿನ್ ಮೇಲಿದ್ದ ರೋಗಿಗಳಿಗೆ ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು ರೊಟ್ಟಿಯಲ್ಲಿ ಬೆರೆಸಿ ಹತ್ತು ದಿನ ಕೊಟ್ಟಾಗ ಖಾಲಿ ಹೊಟ್ಟೆಯ ಸಕ್ಕರೆ ಇಳಿಯಿತು, ಮೂತ್ರದಲ್ಲಿ ಹೋಗುವ ಸಕ್ಕರೆ ಶೇ. 54ರಷ್ಟು ಕಡಿಮೆಯಾಯಿತು. ಪ್ರಮಾಣ ಎಷ್ಟು ಗೊತ್ತೇ? ದಿನಕ್ಕೆ 100 ಗ್ರಾಂ. ಒಗ್ಗರಣೆಗೆ ಹಾಕುವ ಚಿಟಿಕೆಯಿಂದ ಅಷ್ಟನ್ನು ನಿರೀಕ್ಷಿಸಲಾಗದು. ಇದರ ಗುಟ್ಟು ಬಹುಮಟ್ಟಿಗೆ ನೆನೆದ ಮೆಂತ್ಯವನ್ನು ಮುಟ್ಟಿದಾಗ ಬೆರಳಿಗೆ ಹತ್ತುವ ಲೋಳೆಯಲ್ಲಿದೆ. ಆ ನಾರು ಕರುಳಿನಲ್ಲಿ ಸಕ್ಕರೆಯ ಹರಿವನ್ನು ನಿಧಾನಿಸುತ್ತದೆ. ಇಸಬಗೋಲಿನ ಹೊಟ್ಟೂ ಇದೇ ಜಾತಿಯದು. ಅದರಿಂದ ದಿನಕ್ಕೆ 7 ಗ್ರಾಂ ಕರಗುವ ನಾರು ಸೇವಿಸಿದರೆ ಹೃದ್ರೋಗದ ಅಪಾಯ ತಗ್ಗಬಹುದು ಎಂದು ಹೇಳಿಕೊಳ್ಳಲು ಅಮೆರಿಕದ ಎಫ್‌ಡಿಎ 1998ರಲ್ಲೇ ಒಪ್ಪಿದೆ. ಅಂದರೆ ಇಲ್ಲಿ ಕೆಲಸ ಮಾಡುವ ಭಾಗವನ್ನೇ ಸಾರ ತೆಗೆಯುವವರು ಅನೇಕ ಸಲ ಚರಟವೆಂದು ಎಸೆಯುತ್ತಾರೆ.

ಗಿಡದ ಮಾತು ಮುಗಿಯಿತು. ನಿಮ್ಮ ವೈದ್ಯರು ಹೇಳಿದ ನಡಿಗೆಗೂ ಊಟಕ್ಕೂ ನಮ್ಮವರ ಮೇಲೇ ನಡೆದ ಪರೀಕ್ಷೆಯ ಆಧಾರವಿದೆ. ಚೆನ್ನೈನಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡಿಗೆ ಮತ್ತು ಊಟದ ಬದಲಾವಣೆ ಮಧುಮೇಹದ ಅಪಾಯವನ್ನು ಶೇ. 28.5ರಷ್ಟು, ಮೆಟ್‌ಫಾರ್ಮಿನ್ ಶೇ. 26.4ರಷ್ಟು ತಗ್ಗಿಸಿದವು, ಎರಡನ್ನೂ ಸೇರಿಸಿದಾಗಲೂ ಹೆಚ್ಚಿನ ಲಾಭ ಕಾಣಲಿಲ್ಲ. ಮೆಟಬಾಲಿಕ್ ಸಿಂಡ್ರೋಮ್ ಎನ್ನಲು ಐದರಲ್ಲಿ ಮೂರು ಲಕ್ಷಣ ಸಾಕು. ನಮ್ಮ ಕಡೆಯ ಗಂಡಸರಿಗೆ ಸುತ್ತಳತೆಯ ಮಿತಿ 90 ಸೆಂ.ಮೀ., ಹೆಂಗಸರಿಗೆ 80. ನಿಮಗೆ ಐದೂ ಇವೆ. ಮೂರು ತಿಂಗಳ ಬಳಿಕ ವೈದ್ಯರು ಔಷಧ ಬರೆದರೆ ಹಿಂಜರಿಯಬೇಡಿ.

ಬೆಟ್ಟದಂಚಿನ ಮನೆ

ಇದು ಆರು ವಾರಗಳ ನಂತರದ ಬರಹ. ಮಾತ್ರೆಯ ವಿಷಯ ತಿಳಿಸಿದಾಗ ವೈದ್ಯರು ಗದರದೆ, ಡಬ್ಬಿಯ ಫೋಟೋ ತೆಗೆದುಕೊಂಡು, ಎರಡು ವಾರ ಬಿಟ್ಟು ಯಕೃತ್ತಿನ ಪರೀಕ್ಷೆ ಮತ್ತೆ ಮಾಡಿಸಿದರು. ಎಎಲ್‌ಟಿ ಆಗ 71 ಇತ್ತು. ನಿನ್ನೆ ಮತ್ತೊಮ್ಮೆ ನೋಡಿದಾಗ 49. ಮಾತ್ರೆಯಿಂದಲೇ ಏರಿತ್ತೆಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು. ಸುತ್ತಳತೆ 95ಕ್ಕೆ ಬಂದಿದೆ. ತೋಟಕ್ಕೆ ಬೆಳಿಗ್ಗೆ ನಡೆದೇ ಹೋಗುತ್ತಿದ್ದೇನೆ. ರಾತ್ರಿ ಅನ್ನದ ಬದಲು ಮೆಂತ್ಯದ ಹಿಟ್ಟು ಬೆರೆಸಿದ ರೊಟ್ಟಿ, ಅದನ್ನು ಮಕ್ಕಳು ಮುಟ್ಟುವುದಿಲ್ಲ. ಡಬ್ಬಿಯಲ್ಲಿ ನಲವತ್ತು ಮಾತ್ರೆಗಳು ಉಳಿದಿದ್ದವು, ಭಾವನಿಗೆ ಹಿಂದಿರುಗಿಸಿದೆ. ಆಯಿ ಈ ಸಲ ಬಿದ್ದ ಹಣ್ಣುಗಳನ್ನಷ್ಟೇ ಹೆಕ್ಕಿ, ಮೂರು ಸೇರಿನಷ್ಟು ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಟ್ಟಿದ್ದಾಳೆ.